ದಿನಕ್ಕೆ 500 ಕುರಿ ಕೊಯ್ಯುವಲ್ಲಿ ಕುರಿಯನ್ನು ನೋಡುವವರು ಯಾರು?

ಪ್ರಶ್ನೆ: ಕೆಂಗುರಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ತಾಲ್ಲೂಕಿನಲ್ಲಿ ಕುರಿ ಸಾಕಿಕೊಂಡು ಬಂದಿರುವ ಮನೆತನ. ಈಗ ಹಟ್ಟಿಯಲ್ಲಿ ಎಂಬತ್ತು ಕೆಂಗುರಿಗಳಿವೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವುದು (ರಾತ್ರಿ ಮಂದೆ ನಿಲ್ಲಿಸುವುದು), ಟಗರು ಮರಿಗಳನ್ನು ಮೇಯಿಸಿ ಕೂಕನಪಳ್ಳಿ ಸಂತೆಯಲ್ಲಿ ಮಾರುವುದು, ಇವೆರಡೇ ನಮ್ಮ ಆದಾಯ.

ಕಳೆದ ತಿಂಗಳು ಊರಿಗೆ ಬಂದಿದ್ದ ಇಬ್ಬರು, ಸಮೀಪದಲ್ಲೇ ದಿನಕ್ಕೆ 500 ಕುರಿ ಕೊಯ್ಯುವ ಯಾಂತ್ರಿಕ ಕಸಾಯಿಖಾನೆ ಬರಲಿದೆಯೆಂದೂ, ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಬದಲು ತೂಕ ಮಾಡಿ ಸ್ಥಳದಲ್ಲೇ ಹಣ ಕೊಡುತ್ತೇವೆಂದೂ ಹೇಳಿ ಹೋದರು. ಊರಿನಲ್ಲಿ ಬಹುತೇಕರಿಗೆ ಸಂತೋಷವಾಗಿದೆ, ನನಗೂ ಆಗಿದೆ. ಆದರೆ ಎಪ್ಪತ್ತು ದಾಟಿದ ನಮ್ಮಪ್ಪ ಆ ಇಬ್ಬರಿಗೆ ಒಂದೇ ಪ್ರಶ್ನೆ ಕೇಳಿದರು: "ಕೊಯ್ಯುವ ಮುಂಚೆ ಅದಕ್ಕೆ ನೀರು ಕುಡಿಸುತ್ತೀರೇನು?" ಬಂದವರು ನಕ್ಕರು, ಉತ್ತರ ಕೊಡಲಿಲ್ಲ.

ನಾವು ಮಾಂಸ ತಿನ್ನುವವರೇ, ಜಾತ್ರೆಗೆ ಕುರಿ ಕೊಯ್ಯುವವರೇ. ಆದುದರಿಂದ ಕೊಯ್ಯುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುತ್ತಿಲ್ಲ. ನನಗೆ ತಿಳಿಯಬೇಕಾದುದು ಇಷ್ಟು: ಇಂತಹ ದೊಡ್ಡ ಕಸಾಯಿಖಾನೆಯೊಳಗೆ ಪ್ರಾಣಿ ಅನಗತ್ಯವಾಗಿ ನರಳದಂತೆ ನೋಡಿಕೊಳ್ಳುವ ನಿಯಮಗಳು ನಮ್ಮಲ್ಲಿ ಇವೆಯೇ? ಇದ್ದರೆ ಅವುಗಳನ್ನು ಪಾಲಿಸಿದ್ದಾರೆಯೇ ಎಂದು ಪರಿಶೀಲಿಸುವ ಅಧಿಕಾರಿ ಯಾರು? ಗ್ರಾಮ ಸಭೆಯಲ್ಲಿ ವಿಷಯ ಬಂದಾಗ ನಾವು ಏನನ್ನು ಕೇಳಬೇಕು?

ಉತ್ತರ: ನಿವೃತ್ತ ಪಶುವೈದ್ಯ, ರಾಯಚೂರು

ತಮ್ಮ ತಂದೆಯವರು ಕೇಳಿದ ಪ್ರಶ್ನೆಗೆ ಸರ್ಕಾರದ ನಿಯಮದಲ್ಲಿಯೇ ಉತ್ತರವಿದೆ, ನಕ್ಕವರು ಅದನ್ನು ಓದಿರಲಿಕ್ಕಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು 2001ರಲ್ಲಿ ಕಸಾಯಿಖಾನೆಗಳಿಗಾಗಿಯೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ದಿನಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪ್ರಾಣಿಗಳನ್ನು ಕೊಯ್ಯುವ ಸ್ಥಳವೇ ಈ ನಿಯಮಗಳ ದೃಷ್ಟಿಯಲ್ಲಿ ಕಸಾಯಿಖಾನೆ. ಲಾರಿಯಿಂದ ಪ್ರಾಣಿಯನ್ನು ನೇರವಾಗಿ ಇಳಿಸಲು ಇಳಿಜಾರು ಕಟ್ಟೆ, ಇಳಿದ ಸ್ಥಳದಲ್ಲಿ ಮೇವು ಮತ್ತು ನೀರು, ರೋಗದ ಶಂಕೆಯಿರುವ ಪ್ರಾಣಿಗೆ ಪ್ರತ್ಯೇಕ ಕೊಟ್ಟಿಗೆ, ವಿಶ್ರಾಂತಿಯ ಸ್ಥಳದ ಮೇಲೆ ನೆರಳು, ಇವೆಲ್ಲ ಅಲ್ಲಿ ಕಡ್ಡಾಯ. ಪಶುವೈದ್ಯರು ಪರೀಕ್ಷಿಸಿದ ಬಳಿಕ ಪ್ರಾಣಿಯು 24 ಗಂಟೆ ವಿಶ್ರಾಂತಿಯಲ್ಲಿರಬೇಕು. ಗಬ್ಬದ ಪ್ರಾಣಿಯನ್ನಾಗಲಿ, ಮೂರು ತಿಂಗಳೊಳಗಿನ ಮರಿಯನ್ನಾಗಲಿ, ಅಂತಹ ಮರಿಯಿರುವ ತಾಯಿಯನ್ನಾಗಲಿ ಕೊಯ್ಯುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಯ್ಯುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಆ ನಿಯಮಗಳ ಜೀವಾಳ ಇದ್ಯಾವುದೂ ಅಲ್ಲ. ಯಾರೂ ಗಮನಿಸದ ಒಂದು ಸಾಲು ಅಲ್ಲಿದೆ: ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಅಂದರೆ ಪ್ರತಿ ಪ್ರಾಣಿಗೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಕುರಿಯನ್ನು ನಡೆಸಿ ನೋಡಬೇಕು, ಉಸಿರಾಟ ಗಮನಿಸಬೇಕು, ಕಣ್ಣು ಮೂಗಿನಲ್ಲಿ ಸೋರಿಕೆಯಿದೆಯೇ, ಬಾಯಲ್ಲಿ ಹುಣ್ಣಿದೆಯೇ, ಗೊರಸು ಕೊಳೆತಿದೆಯೇ ನೋಡಬೇಕು, ಅನುಮಾನ ಬಂದರೆ ಜ್ವರ ಅಳೆಯಬೇಕು. ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಮತ್ತು ನೀಲಿ ನಾಲಿಗೆ ರೋಗಗಳನ್ನು ಕಂಡಿರುವ ನಮ್ಮ ಕಡೆಯ ಕುರಿಗಳಿಗೆ ಇದು ಹೆಚ್ಚಿನ ಸಮಯವೇನೂ ಅಲ್ಲ.

ಈಗ ನಿಮ್ಮ 500 ಕುರಿಗಳಿಗೆ ಬರೋಣ. 500ನ್ನು 96ರಿಂದ ಭಾಗಿಸಿದರೆ ಐದು ಮಂದಿ ವೈದ್ಯರು ಸಾಲುವುದಿಲ್ಲ, ಆರು ಮಂದಿ ಬೇಕು. ಸಣ್ಣ ಪ್ರಾಣಿಯೊಂದಕ್ಕೆ ವಿಶ್ರಾಂತಿ ಕೊಟ್ಟಿಗೆಯಲ್ಲಿ 1.6 ಚದರ ಮೀಟರ್ ಜಾಗ ಕೊಡಬೇಕೆಂದು ನಿಯಮ ಹೇಳುವುದರಿಂದ, ಒಂದು ದಿನದ ಸರದಿಗೇ 800 ಚದರ ಮೀಟರ್, ಅಂದರೆ ಸುಮಾರು 8 ಗುಂಟೆ ನೆರಳಿನ ಕೊಟ್ಟಿಗೆ ಬೇಕು. ಗ್ರಾಮ ಸಭೆಯಲ್ಲಿ ನೀವು ಕೇಳಬೇಕಾದ ಮೊದಲ ಎರಡು ಪ್ರಶ್ನೆಗಳು ಇವೇ: ವೈದ್ಯರು ಎಷ್ಟು ಜನ, ಕೊಟ್ಟಿಗೆ ಎಷ್ಟು ಗುಂಟೆ. ಯಂತ್ರ ಯಾವ ದೇಶದ್ದು ಎಂಬ ವಿವರವನ್ನು ಅವರು ತಾವಾಗಿಯೇ ಹೇಳುತ್ತಾರೆ.

ಇದರಿಂದ ಅವರಿಗೂ ಲಾಭವಿದೆ ಎಂಬುದನ್ನು ಮರೆಯದೆ ಹೇಳಿ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಲಾರಿಯಲ್ಲಿ ನಿಂತು ಬಂದ ಕುರಿಯ ಸ್ನಾಯುವಿನಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ದಣಿವು ಮತ್ತು ಗಾಬರಿಯಿಂದ ಖಾಲಿಯಾಗಿರುತ್ತದೆ. ಕೊಯ್ದ ನಂತರ ಆ ಸಕ್ಕರೆಯೇ ಲ್ಯಾಕ್ಟಿಕ್ ಆಮ್ಲವಾಗಿ ಮಾಂಸದ ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ಹೆಚ್ಚಿದಂತೆ ಇಳಿಯುತ್ತದೆ) ಅನ್ನು 7ರ ಆಸುಪಾಸಿನಿಂದ 5.5ರ ಹತ್ತಿರಕ್ಕೆ ಇಳಿಸಬೇಕು. ಸಕ್ಕರೆಯೇ ಇಲ್ಲದಿದ್ದರೆ ಪಿಎಚ್ ಇಳಿಯುವುದಿಲ್ಲ, ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದಂತೆ ಉಳಿದು ಬೇಗ ಕೆಡುತ್ತದೆ. ನೀರು ಮತ್ತು ನೆರಳು ಕೊಟ್ಟವನಿಗೆ ಆ ನಷ್ಟ ಕಡಿಮೆ.

ಉತ್ತರ: ಮಟನ್ ಅಂಗಡಿ, ಬಳ್ಳಾರಿ

ಡಾಕ್ಟರ್ ಸಾಹೇಬರು ಹೇಳಿದ ಕಪ್ಪು ಮಾಂಸದ ಮಾತು ನಿಜ. ದೂರದಿಂದ ಬಂದ ಕುರಿಯನ್ನು ಇಳಿಸಿದ ಕೂಡಲೇ ಕೊಯ್ದರೆ ಮಾಂಸ ಕೈಗೆ ಅಂಟುತ್ತದೆ, ಸಂಜೆಯ ಹೊತ್ತಿಗೆ ಗಿರಾಕಿ ಮೂಸಿ ನೋಡಿ ಹೋಗುತ್ತಾನೆ. ನಮ್ಮ ತಂದೆಯವರು ಮರುದಿನ ಕೊಯ್ಯುವ ಕುರಿಯನ್ನು ಹಿಂದಿನ ಸಂಜೆಯೇ ಅಂಗಡಿಯ ಹಿಂಬದಿಗೆ ತಂದು ನೀರು ತೋರಿಸಿ ಕಟ್ಟುತ್ತಿದ್ದರು. ಅವರು ಯಾವ ನಿಯಮವನ್ನೂ ಓದಿದವರಲ್ಲ.

ಆದರೆ ನಿಯಮದ ಬಗ್ಗೆ ನನಗೆ ಒಂದು ತಕರಾರಿದೆ. ಹತ್ತರಿಂದ ಮೇಲೆ ಕೊಯ್ದರೆ ಮಾತ್ರ ಈ ನಿಯಮಗಳು ಎಂದಾದರೆ, ದಿನಕ್ಕೆ ಎರಡು, ನಾಲ್ಕು ಕೊಯ್ಯುವ ನಮ್ಮಂತಹ ಅಂಗಡಿಗಳೆಲ್ಲ ಎಲ್ಲಿಗೆ ಸೇರುತ್ತವೆ? ನಾನು ವ್ಯಾಪಾರ ಮಾಡುವ ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಯದೊಂದು ಕಸಾಯಿಖಾನೆ ಇದೆ. ಅಲ್ಲಿಯೇ ಕೊಯ್ಯಬೇಕೆಂಬ ಆದೇಶವೂ ಇದೆ. ಒಂದು ವರ್ಷ ನಾನು ಆದೇಶ ಪಾಲಿಸಿದೆ. ನಸುಕಿನ ನಾಲ್ಕು ಗಂಟೆಗೆ ಹೋದರೆ ನಲ್ಲಿಯಲ್ಲಿ ನೀರಿರುತ್ತಿರಲಿಲ್ಲ, ದೀಪವಿರುತ್ತಿರಲಿಲ್ಲ, ಮೊಬೈಲಿನ ಬೆಳಕಿನಲ್ಲಿ ಎಲ್ಲರೂ ಒಂದೇ ಕಟ್ಟೆಯ ಮೇಲೆ ಸಾಲಾಗಿ ಕೊಯ್ಯುತ್ತಿದ್ದೆವು. ಪರೀಕ್ಷೆ ಮಾಡಬೇಕಾದವರು ಹತ್ತು ಗಂಟೆಯ ನಂತರ ಬರುತ್ತಿದ್ದರು. ಅಷ್ಟರೊಳಗೆ ತಲೆಗಳು ಕೂಡ ಮಾರಾಟವಾಗಿರುತ್ತಿದ್ದವು. ಮುದ್ರೆ ಮಾತ್ರ ಒಬ್ಬ ಹುಡುಗನ ಕೈಯಲ್ಲಿ ಇರುತ್ತಿತ್ತು. ಒಂದು ಕುರಿಗೆ ಇಷ್ಟು ಎಂದು ಶುಲ್ಕ ಕಟ್ಟಿ ಇದನ್ನು ಅನುಭವಿಸುವುದಕ್ಕಿಂತ ಅಂಗಡಿಯಲ್ಲಿ ಒಂಟಿಯಾಗಿ, ನಿಧಾನವಾಗಿ ಕೊಯ್ಯುವುದೇ ಕುರಿಗೂ ಮೇಲು ಎಂದು ಬಿಟ್ಟುಬಿಟ್ಟೆ. ಇದು ಕಾನೂನಿಗೆ ವಿರುದ್ಧವೆಂದು ನನಗೆ ತಿಳಿದಿದೆ, ಮುಚ್ಚಿಡುತ್ತಿಲ್ಲ.

ಇನ್ನೊಂದು ಮಾತು. ಹೊರಗಿನವರು ಎಲ್ಲ ನೋವೂ ಚಾಕುವಿನಲ್ಲಿದೆ ಎಂದುಕೊಂಡಿರುತ್ತಾರೆ. ಚೆನ್ನಾಗಿ ಮಸೆದ, ಉದ್ದನೆಯ ಚಾಕು ಒಂದೇ ಎಳೆತದಲ್ಲಿ ಕುತ್ತಿಗೆಯ ಎರಡೂ ಕಡೆಯ ರಕ್ತನಾಳಗಳನ್ನು ಕತ್ತರಿಸಿದರೆ ಕುರಿ ಬೇಗ ಪ್ರಜ್ಞೆ ತಪ್ಪುತ್ತದೆ. ಕುರಿ ನರಳುವುದು ಅದಕ್ಕಿಂತ ಮುಂಚೆ: ಹಿಂಗಾಲು ಹಿಡಿದು ಎಳೆಯುವಾಗ, ಉಣ್ಣೆ ಹಿಡಿದು ಎತ್ತುವಾಗ, ಕಾಲು ಕಟ್ಟಿ ಒಂದರ ಮೇಲೊಂದು ಒಗೆಯುವಾಗ. ಪರಿಶೀಲನೆ ಮಾಡುವವರು ಚಾಕುವನ್ನು ನೋಡುವ ಮೊದಲು ಲಾರಿಯಿಂದ ಇಳಿಸುವುದನ್ನು ನೋಡಲಿ.

ಉತ್ತರ: ಸಿಂಧನೂರಿನವನು

ನಾನು ಆಹಾರ ತಂತ್ರಜ್ಞಾನ ಓದಿ, ಬೇರೆ ರಾಜ್ಯವೊಂದರ ಯಾಂತ್ರಿಕ ಮಾಂಸ ಘಟಕದಲ್ಲಿ ಆರು ವರ್ಷ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಬಳ್ಳಾರಿಯ ಅಣ್ಣನವರ ಕೊನೆಯ ಮಾತನ್ನು ನನ್ನ ಅನುಭವದಿಂದಲೂ ಅನುಮೋದಿಸುತ್ತೇನೆ, ಆದರೆ ಯಂತ್ರ ಬಂದಾಗ ಅದಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಅದು ವೇಗ.

ಅಂಗಡಿಯಲ್ಲಿ ಒಂದು ಕುರಿಯ ಚರ್ಮ ಬಿಡಿಸುವುದು ತಡವಾದರೆ ಮುಂದಿನ ಕುರಿ ಕಾಯುತ್ತದೆ. ಘಟಕದಲ್ಲಿ ಹಾಗಿಲ್ಲ. ಮೇಲಿನ ಹಳಿಯ ಮೇಲೆ ಕೊಕ್ಕೆಗಳು ಓಡುತ್ತಲೇ ಇರುತ್ತವೆ. ಖಾಲಿ ಕೊಕ್ಕೆ ಹೋದರೆ ಮೇಲ್ವಿಚಾರಕನಿಗೆ ಬೈಗುಳ ಬೀಳುತ್ತದೆ, ಅವನು ಕೊಯ್ಯುವವನನ್ನು ಬೈಯುತ್ತಾನೆ, ಕೊಯ್ಯುವವನು ಕುರಿ ತಳ್ಳುವ ಕೂಲಿಯವನನ್ನು ಬೈಯುತ್ತಾನೆ, ಕೂಲಿಯವನಿಗೆ ಬೈಯಲು ಕುರಿಯ ಹೊರತು ಬೇರೆ ಯಾರೂ ಉಳಿದಿರುವುದಿಲ್ಲ. ನಾನಿದ್ದ ಘಟಕದಲ್ಲಿ ಕ್ಯಾಮೆರಾಗಳಿದ್ದವು. ಅವುಗಳ ದೃಶ್ಯ ಭದ್ರತಾ ಕೊಠಡಿಗೆ ಹೋಗುತ್ತಿತ್ತು. ಅಲ್ಲಿದ್ದವರು ಮಾಂಸ ಕಳವಾಗದಂತೆ ಗೇಟಿನ ಪರದೆಯನ್ನು ನೋಡುತ್ತಿದ್ದರು.

ಹೊರದೇಶಗಳಲ್ಲಿ ಈ ಪಾಠವನ್ನು ತಡವಾಗಿ ಕಲಿತಿದ್ದಾರೆ. ಇಂಗ್ಲೆಂಡಿನಲ್ಲಿ 2018ರಿಂದ ಜೀವಂತ ಪ್ರಾಣಿ ಇರುವ ಕಸಾಯಿಖಾನೆಯ ಪ್ರತಿಯೊಂದು ಭಾಗದಲ್ಲೂ ಕ್ಯಾಮೆರಾ ಕಡ್ಡಾಯ, ಮತ್ತು ಅದರ ದೃಶ್ಯಗಳನ್ನು ಸರ್ಕಾರಿ ಪಶುವೈದ್ಯರು ಯಾವಾಗ ಕೇಳಿದರೂ ತೋರಿಸಬೇಕು. ಐರೋಪ್ಯ ಒಕ್ಕೂಟದ ನಿಯಮವು ದೊಡ್ಡ ಘಟಕಗಳಲ್ಲಿ ಪ್ರಾಣಿಗಳ ಕ್ಷೇಮಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲು ಹೇಳುತ್ತದೆ. ಅಮೆರಿಕದಲ್ಲಿ 1958ರಲ್ಲೇ ದಯಾಪರ ವಧೆಯ ಕಾನೂನು ಬಂದಿತಾದರೂ ಕೋಳಿಗಳನ್ನು ಇಂದಿಗೂ ಅದರ ಹೊರಗೆ ಇಟ್ಟಿದ್ದಾರೆ. ಅಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕೊಯ್ಯುವುದು ಕೋಳಿಗಳನ್ನೇ! ಅಲ್ಲಿಯ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಅಳೆಯಬಲ್ಲದ್ದನ್ನು ಮಾತ್ರ ಎಣಿಸುವ ಪದ್ಧತಿಯನ್ನು ತಂದರು: ನೂರು ದನಗಳಲ್ಲಿ ಎಷ್ಟು ಮೊದಲ ಹೊಡೆತಕ್ಕೆ ಪ್ರಜ್ಞೆ ತಪ್ಪಿದವು, ಎಷ್ಟು ಜಾರಿ ಬಿದ್ದವು, ಎಷ್ಟು ಕೂಗಿದವು. ಕುರಿಗಳಿಗೆ ಮಾತ್ರ ಕೂಗಿನ ಲೆಕ್ಕ ಅನ್ವಯಿಸುವುದಿಲ್ಲ, ಏಕೆಂದರೆ ಕುರಿ ನೋವಾದಾಗ ಸುಮ್ಮನಿರುತ್ತದೆ. ಇದನ್ನು ಕುರಿಗಾರರ ಮನೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಘಟಕ ನೋಡಲು ಬಂದವರು "ಎಷ್ಟು ಶಾಂತವಾಗಿದೆ" ಎಂದು ಬರೆದು ಹೋದುದನ್ನು ನಾನೇ ಕಂಡಿದ್ದೇನೆ.

ಇನ್ನು, ಒಂದರ ಎದುರಿಗೆ ಇನ್ನೊಂದನ್ನು ಕೊಯ್ಯಬಾರದೆಂಬ ನಿಯಮವನ್ನು ತಪ್ಪಾಗಿ ಅರ್ಥ ಮಾಡಿಕೊಂಡು, ಒಂದೊಂದೇ ಕುರಿಯನ್ನು ಹಿಂಡಿನಿಂದ ಬೇರ್ಪಡಿಸಿ ದೂರದ ಕೊಠಡಿಗೆ ಎಳೆದೊಯ್ಯುವ ಪದ್ಧತಿಯೂ ಇದೆ. ಹಿಂಡು ಬಿಟ್ಟ ಕುರಿಯಷ್ಟು ಗಾಬರಿಯಾದ ಪ್ರಾಣಿ ಇನ್ನೊಂದಿಲ್ಲ. ಸರಿಯಾದ ಕಟ್ಟಡದಲ್ಲಿ ಕುರಿಗಳು ಒಂದರ ಹಿಂದೆ ಒಂದು, ಮುಂದಿನದರ ಬಾಲ ನೋಡುತ್ತಾ, ಕಿರಿದಾದ ಓಣಿಯಲ್ಲಿ ತಾವೇ ನಡೆದು ಬರುತ್ತವೆ. ಕೊನೆಯ ತಿರುವಿನ ಆಚೆಗೆ ಮಾತ್ರ ಮರೆ ಇರುತ್ತದೆ. ನಕ್ಷೆ ತೋರಿಸಿದಾಗ ಆ ಓಣಿ ಎಲ್ಲಿದೆ ಎಂದು ಕೇಳಿ.

ಉತ್ತರ: ವಕೀಲ, ಕೊಪ್ಪಳ

ಪರಿಶೀಲಿಸುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ತೊಂದರೆ ಇರುವುದೇ ಅಲ್ಲಿ: ಒಬ್ಬರಲ್ಲ, ಹಲವರು. ಸಂವಿಧಾನದ ಹನ್ನೆರಡನೆಯ ಅನುಸೂಚಿಯು ಕಸಾಯಿಖಾನೆಗಳ ನಿಯಂತ್ರಣವನ್ನು ನಗರಾಡಳಿತ ಸಂಸ್ಥೆಗಳಿಗೆ ವಹಿಸುತ್ತದೆ. ಪ್ರಾಣಿ ಹಿಂಸೆ ತಡೆಯು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಮಾಂಸವು ಆಹಾರವಾದುದರಿಂದ 2006ರ ಆಹಾರ ಸುರಕ್ಷತೆ ಕಾಯ್ದೆಯ ಅಡಿಯ ಪರವಾನಗಿ ಬೇಕು, ತ್ಯಾಜ್ಯ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಬಳ್ಳಾರಿಯ ಅಂಗಡಿಯವರು ಕೇಳಿದ್ದಕ್ಕೂ ಇಲ್ಲೇ ಉತ್ತರವಿದೆ: ದಿನಕ್ಕೆ ಹತ್ತು ಸಣ್ಣ ಪ್ರಾಣಿಗಳವರೆಗೆ ಕೊಯ್ಯುವವರು ಆಹಾರ ಸುರಕ್ಷತೆಯ ನೋಂದಣಿಯನ್ನಾದರೂ ಮಾಡಿಸಿರಬೇಕು. ಅದರ ಮೇಲೆ 150ರವರೆಗೆ ರಾಜ್ಯದ ಪರವಾನಗಿ, 150 ದಾಟಿದರೆ ಕೇಂದ್ರದ ಪರವಾನಗಿ. ಆದ್ದರಿಂದ 500 ಕುರಿಗಳ ಘಟಕದ ಆಹಾರ ಪರವಾನಗಿ ಜಿಲ್ಲೆಯ ಅಧಿಕಾರಿಯ ಕೈಯಲ್ಲಿ ಇರುವುದಿಲ್ಲ. ಅವರ ಬಳಿ ಹೋಗಿ ತಿಂಗಳುಗಟ್ಟಲೆ ಅಲೆಯಬೇಡಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಪರವಾನಗಿಯಿಲ್ಲದ ಜಾಗದಲ್ಲಿ ಕೊಯ್ಯಬಾರದೆಂಬ 2001ರ ನಿಯಮದ ಸಾಲು "ಪುರಸಭಾ ಪ್ರದೇಶದೊಳಗೆ" ಎಂಬ ಅರ್ಥದ ಮಾತನ್ನು ಒಳಗೊಂಡಿದೆ. ಘಟಕವು ಗ್ರಾಮ ಪಂಚಾಯಿತಿಯ ಗಡಿಯಲ್ಲಿ ಬಂದರೆ ಕಂಪನಿಯ ವಕೀಲರು ಆ ಮಾತನ್ನು ಹಿಡಿದು ವಾದಿಸಲು ಅವಕಾಶವಿದೆ. ಆದ್ದರಿಂದ ಪಂಚಾಯಿತಿಯು ನಿರಾಕ್ಷೇಪಣಾ ಪತ್ರ ಕೊಡುವಾಗಲೇ ವೈದ್ಯರ ಸಂಖ್ಯೆ, ವಿಶ್ರಾಂತಿ, ಕೊಟ್ಟಿಗೆಯ ಅಳತೆ, ಕ್ಯಾಮೆರಾ ಇವನ್ನು ಷರತ್ತುಗಳಾಗಿ ಬರೆಸುವಂತೆ ಒತ್ತಾಯಿಸಿ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ, ಅಥವಾ ಅದು ಅಧಿಕಾರ ಕೊಟ್ಟ ವ್ಯಕ್ತಿಗೆ, ಕೆಲಸದ ವೇಳೆಯಲ್ಲಿ ಯಾವುದೇ ಮುನ್ಸೂಚನೆ ಇಲ್ಲದೆ ಕಸಾಯಿಖಾನೆಯನ್ನು ಪ್ರವೇಶಿಸಿ ಪರಿಶೀಲಿಸುವ ಅಧಿಕಾರವಿದೆ. ಜಿಲ್ಲಾ ಮಟ್ಟದಲ್ಲಿ ಪ್ರಾಣಿ ದಯಾ ಸಂಘ ಇರಬೇಕು. ಆದರೆ ದಂಡದ ವಿಷಯದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ: 1960ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಮೊದಲ ಸಲದ ಕ್ರೌರ್ಯಕ್ಕೆ ದಂಡ 10ರಿಂದ 50 ರೂಪಾಯಿ. ಅರ್ಧ ಪ್ಲೇಟ್ ಬಿರಿಯಾನಿಯೂ ಬಾರದ ಹಣ. ಪರವಾನಗಿಯ ಅಮಾನತು ಮಾತ್ರ ಕಂಪನಿಗೆ ನಿಜವಾಗಿ ತಟ್ಟುವ ಶಿಕ್ಷೆ.

ಮತ್ತೆ: ಕೆಂಗುರಿ, ಗಂಗಾವತಿ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರರ ಎಂಟು ಗುಂಟೆಯ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ. "ಅಷ್ಟು ಜಾಗದಲ್ಲಿ ನಾನು ಆರುನೂರು ಕುರಿ ತರುಬುತ್ತೇನೆ" ಎಂದರು, ಆದರೆ ಒಪ್ಪಿದರು.

ಇನ್ನೂ ಒಂದು ಸಂದೇಹ ಉಳಿದಿದೆ. ಪ್ರಜ್ಞೆ ತಪ್ಪಿಸಿ ಕೊಯ್ಯುವುದು ನಮ್ಮಲ್ಲಿ ಕಡ್ಡಾಯವೇ? ಊರಿನಲ್ಲಿ ಈ ಮಾತು ಎತ್ತಿದ ಕೂಡಲೇ ಅದು ಹಲಾಲ್, ಜಟ್ಕಾ ಎಂದು ಬೇರೆಯೇ ದಾರಿ ಹಿಡಿಯಿತು. ಕುರಿಯ ಮಾತು ಅಲ್ಲಿಗೇ ನಿಂತಿತು.

ಉತ್ತರ: ನಿವೃತ್ತ ಪಶುವೈದ್ಯ, ರಾಯಚೂರು

ಪ್ರಜ್ಞೆ ತಪ್ಪಿಸಲು ಪ್ರತ್ಯೇಕ ಸ್ಥಳ ಇರಬೇಕೆಂದು 2001ರ ನಿಯಮಗಳು ಹೇಳುತ್ತವೆ. ಅದೇ ವೇಳೆ, ಯಾವುದೇ ಸಮುದಾಯದ ಧರ್ಮವು ಅಪೇಕ್ಷಿಸುವ ವಿಧಾನದಲ್ಲಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆಂದು ಮೂಲ ಕಾಯ್ದೆಯ 28ನೇ ಕಲಮು ಹೇಳುತ್ತದೆ. ಊರಿನ ಜಗಳ ಬಗೆಹರಿಯುವವರೆಗೆ ಕಾಯಬೇಕಾಗಿಲ್ಲ. ನ್ಯೂಜಿಲೆಂಡಿನಲ್ಲಿ ತಲೆಗೆ ಮಾತ್ರ ವಿದ್ಯುತ್ ಹರಿಸಿ ಕುರಿಯ ಪ್ರಜ್ಞೆ ತಪ್ಪಿಸುತ್ತಾರೆ. ಹಾಗೆಯೇ ಬಿಟ್ಟರೆ ಕುರಿ ಎದ್ದು ಹೋಗುತ್ತದೆ, ಅಂದರೆ ಅದು ವಿದ್ಯುತ್ತಿನಿಂದ ಸತ್ತಿರುವುದಿಲ್ಲ. ಆ ಕಾರಣದಿಂದಲೇ ಅಲ್ಲಿಯ ಹಲಾಲ್ ಪ್ರಮಾಣಕರ್ತರು ಅದನ್ನು ಒಪ್ಪಿದ್ದಾರೆ, ಆ ಮಾಂಸ ಮುಸ್ಲಿಂ ದೇಶಗಳಿಗೂ ಹೋಗುತ್ತದೆ. ವಿಧಾನ ಯಾವುದೇ ಇರಲಿ, ನೋಡಬೇಕಾದ ಗುರುತುಗಳು ಒಂದೇ: ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕಬಾರದು, ಪಕ್ಕೆ ಲಯಬದ್ಧವಾಗಿ ಏರಿಳಿಯಬಾರದು, ತಲೆ ಎತ್ತುವ ಪ್ರಯತ್ನ ಇರಬಾರದು. ಇವು ನಿಲ್ಲುವ ಮೊದಲು ಚರ್ಮಕ್ಕೆ ಕೈ ಹಾಕಿದರೆ ಅದು ಯಾವ ಧರ್ಮಕ್ಕೂ ಒಪ್ಪಿಗೆಯಾದ ಕೆಲಸವಲ್ಲ.

ಘಟಕ ಬರುವುದಕ್ಕೆ ಮುಂಚೆಯೇ ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಸಮೀಪದ ಪಟ್ಟಣದಲ್ಲಿ ಈಗಾಗಲೇ ನಡೆಯುತ್ತಿರುವ ಕಸಾಯಿಖಾನೆಯ ದಾಖಲೆ ತೆಗೆಸಿ ನೋಡಿ. ಐವತ್ತು ಕುರಿಗಳನ್ನು ನೋಡಲಾಗದ ವ್ಯವಸ್ಥೆ ಐನೂರನ್ನು ಹೇಗೆ ನೋಡೀತು ಎಂಬುದು ಅಲ್ಲಿಯೇ ತಿಳಿಯುತ್ತದೆ. ವಿಧಾನವನ್ನು ವಕೀಲರು ಹೇಳಲಿ.

ಉತ್ತರ: ವಕೀಲ, ಕೊಪ್ಪಳ

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. "ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಾ" ಎಂದು ಕೇಳಿದರೆ "ಹೌದು" ಎಂಬ ಉತ್ತರ ಬರುತ್ತದೆ. ಅದರ ಬದಲು, ಇಂತಹ ತಿಂಗಳಿನ ವಧಾಪೂರ್ವ ಪರೀಕ್ಷೆಯ ವಹಿಯ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ.

ಮತ್ತೆ: ಕೆಂಗುರಿ, ಗಂಗಾವತಿ

ಬರೆದಿದ್ದೇನೆ. ಎಣಿಸಿದೆ, 131 ಪದಗಳಾಗಿವೆ. ವಹಿಯ ಪ್ರತಿ ಬಂದ ಮೇಲೆ ಅದರಲ್ಲಿ ಏನನ್ನು ನೋಡಬೇಕು ಎಂದು ಡಾಕ್ಟರರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಪಶುವೈದ್ಯ, ರಾಯಚೂರು

ಸಹಿಯನ್ನು ನೋಡಬೇಡಿ, ಅದು ಇದ್ದೇ ಇರುತ್ತದೆ. ಪರೀಕ್ಷೆಯ ಸಮಯ ಬರೆದ ಕಾಲಂ ನೋಡಿ. 60 ಕುರಿಗಳಿಗೆ ಒಬ್ಬ ವೈದ್ಯರಿಗೆ ಕನಿಷ್ಠ ಐದು ಗಂಟೆ ಬೇಕು. ಅರವತ್ತಕ್ಕೂ ಒಂದೇ ಸಮಯ ಬರೆದಿದ್ದರೆ, ಅಥವಾ ನಸುಕಿನಲ್ಲಿ ಕೊಯ್ದ ಕುರಿಗೆ ಬೆಳಿಗ್ಗೆ ಹತ್ತು ಗಂಟೆಯ ಪರೀಕ್ಷೆ ಎಂದಿದ್ದರೆ, ಆ ವಹಿಯೇ ನಿಮ್ಮ ಸಾಕ್ಷಿ. ತಿರಸ್ಕರಿಸಿದ ಪ್ರಾಣಿಗಳ ಕಾಲಂ ಅನ್ನೂ ನೋಡಿ. ಇಡೀ ತಿಂಗಳಿನಲ್ಲಿ ಒಂದೂ ಕುರಿ ತಿರಸ್ಕೃತವಾಗಿಲ್ಲವೆಂದರೆ ಯಾರೂ ನೋಡಿಲ್ಲವೆಂದೇ ನಾನು ತಿಳಿಯುತ್ತೇನೆ. ಸಮಯದ ಕಾಲಮೇ ಇಲ್ಲದ ವಹಿ ಕೊಟ್ಟರೆ ಬೇಸರಿಸದೆ ಅದಕ್ಕೂ ದೃಢೀಕರಣದ ಮುದ್ರೆ ಹಾಕಿಸಿಕೊಂಡು ಬನ್ನಿ.